ಸಿಟಿವಿಎಸ್ ತಗೊಳ್ಳಿ, ಆದರೆ ಸೀಟು ಆರಿಸುವ ಮೊದಲು ಎರಡು ದಿನ ಆಪರೇಶನ್ ಥಿಯೇಟರ್‌ನಲ್ಲಿ (ಓಟಿ) ನಿಂತು ನೋಡಿ

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯಲ್ಲಿ ಜನರಲ್ ಸರ್ಜರಿ ಎಂಎಸ್ ಕೊನೆಯ ವರ್ಷ. ಹೃದಯ ಮತ್ತು ಎದೆಯ ಸರ್ಜರಿ, ಅಂದರೆ ಸಿಟಿವಿಎಸ್, ಮಾಡುವ ಆಸೆ. ಮನೆಯವರೂ ಸೀನಿಯರ್‌ಗಳೂ "ಸ್ಟೆಂಟ್ ಬಂದ ಮೇಲೆ ಅಲ್ಲೇನಿದೆ, ಸುಮ್ನೆ ಯುರಾಲಜಿ ತಗೋ" ಅನ್ನುತ್ತಿದ್ದಾರೆ. ಮುಂಬೈ ಅಥವಾ ಪುಣೆಗೆ ಬರಬಹುದಾ, ಹೆಣ್ಣುಮಕ್ಕಳಿಗೆ ಇದು ಆಗುತ್ತಾ?

ನಾನು ಧಾರವಾಡದವಳು. ಮುಂಬೈಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಟಿವಿಎಸ್ ಎಂಸಿಎಚ್ (ಎಂಎಸ್ ನಂತರದ ಸೂಪರ್ ಸ್ಪೆಶಾಲಿಟಿ ಪದವಿ) ಮುಗಿಸಿ ಈಗ ಇದೇ ಊರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ತಗೊಳ್ಳಿ ಅಂತಲೇ ಹೇಳುತ್ತೇನೆ. ಎಲ್ಲಿ ತಗೊಳ್ಳಬೇಕು ಅನ್ನುವುದಕ್ಕೆ ಮಾತ್ರ ಆಸ್ಪತ್ರೆಯ ಹೆಸರು ನೋಡಬೇಡಿ. ಅಲ್ಲಿ ರೆಸಿಡೆಂಟ್, ಅಂದರೆ ತರಬೇತಿಯಲ್ಲಿರುವ ಡಾಕ್ಟರ್, ಕೈಗೆ ಎಷ್ಟು ಕೆಲಸ ಸಿಗುತ್ತದೆ, ಅದನ್ನು ನೋಡಿ. ನಾನು ಸೀಟು ಆರಿಸುವಾಗ ಈ ಮಾತು ಯಾರೂ ಹೇಳಿರಲಿಲ್ಲ.

ಮೊದಲು ಲೆಕ್ಕ. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಮೂರು, ಎಂಸಿಎಚ್ ಇನ್ನೂ ಮೂರು. ನಡುವೆ ಪರೀಕ್ಷೆಗೆ ಓದುತ್ತಾ ಕೂತ ತಿಂಗಳುಗಳು, ಬಾಂಡ್ (ಕಡ್ಡಾಯ ಸರ್ಕಾರಿ ಸೇವೆ) ಇದ್ದರೆ ಅದೂ ಸೇರಿ, ಎಲ್ಲ ಮುಗಿಯುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಎಂಬಿಬಿಎಸ್ ಆದ ಕೂಡಲೇ ಸೇರುವ ನ್ಯಾಷನಲ್ ಬೋರ್ಡ್‌ನ ಆರು ವರ್ಷದ ನೇರ ಡಿಆರ್‌ಎನ್‌ಬಿ ಕೋರ್ಸ್ ಕೂಡ ಇದೆ, ನಿಮಗೆ ಅದು ದಾಟಿಹೋಯಿತು. ನಿಮ್ಮ ದಾರಿ ನೀಟ್ ಎಸ್‌ಎಸ್, ಅಂದರೆ ಸೂಪರ್ ಸ್ಪೆಶಾಲಿಟಿ ಸೀಟುಗಳ ಪ್ರವೇಶ ಪರೀಕ್ಷೆ. ಸರ್ಜರಿ ಗುಂಪಿಗೆಲ್ಲ ಒಂದೇ ಪೇಪರ್, 150 ಪ್ರಶ್ನೆ, ಎರಡೂವರೆ ಗಂಟೆ. ಯುರಾಲಜಿ, ಸರ್ಜಿಕಲ್ ಗ್ಯಾಸ್ಟ್ರೋ, ಪ್ಲಾಸ್ಟಿಕ್, ಸಿಟಿವಿಎಸ್ ಎಲ್ಲಕ್ಕೂ ಅದೇ ರ‍್ಯಾಂಕ್. ಸಿಟಿವಿಎಸ್ ಸೀಟುಗಳು ಕೊನೆಯ ಸುತ್ತಿನವರೆಗೂ ಉಳಿದು ಖಾಲಿ ಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬೇರೆಯವರು ಅದನ್ನು ಹೆದರಿಸಲು ಹೇಳುತ್ತಾರೆ. ಈ ವಿಷಯ ನಿಜವಾಗಿಯೂ ಬೇಕು ಅನ್ನುವವರಿಗೆ ಅದರಿಂದ ಅನುಕೂಲವೇ. ಆರಿಸಿಕೊಳ್ಳುವ ಅವಕಾಶ ನಿಮ್ಮ ಕೈಯಲ್ಲಿರುತ್ತದೆ.

ಇನ್ನು ಸ್ಟೆಂಟ್ ಮಾತು, ಅಂದರೆ ಎದೆ ತೆರೆಯದೆ ಬ್ಲಾಕ್ ಆದ ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ. ಒಂದು ಎರಡು ಕಡೆ ಬ್ಲಾಕ್ ಇದ್ದವರು ಈಗ ನಮ್ಮ ಹತ್ತಿರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದು ಹಲವು ರಕ್ತನಾಳಗಳಲ್ಲಿ ತಡೆ ಇರುವವರಿಗೆ ಸ್ಟೆಂಟ್‌ಗಿಂತ ಬೈಪಾಸ್ (ಬೇರೆ ರಕ್ತನಾಳ ಜೋಡಿಸಿ ತಡೆ ದಾಟಿಸುವ ಆಪರೇಶನ್) ಮೇಲು ಅಂತ 2012ರಲ್ಲಿ ಬಂದ ಫ್ರೀಡಂ ಅಧ್ಯಯನ ತೋರಿಸಿತು. ಪಾರ್ಶ್ವವಾಯು ಸ್ವಲ್ಪ ಜಾಸ್ತಿ ಕಂಡಿತು, ಸಾವು ಮತ್ತು ಹೃದಯಾಘಾತ ಕಡಿಮೆಯಾಯಿತು. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಎಷ್ಟು ಮನೆಗಳಲ್ಲಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ? ಎದೆಯ ಒಳಗೋಡೆಯಿಂದ ಬಿಡಿಸಿ ಜೋಡಿಸುವ ಲೀಮಾ ರಕ್ತನಾಳ ಹತ್ತು ವರ್ಷದ ನಂತರವೂ ಹತ್ತರಲ್ಲಿ ಒಂಬತ್ತು ಜನರಲ್ಲಿ ತೆರೆದೇ ಇರುತ್ತದೆ. ಅದರ ಮೇಲೆ ಕವಾಟಗಳಿವೆ, ಮಕ್ಕಳ ಹುಟ್ಟು ದೋಷಗಳಿವೆ, ಮಹಾಧಮನಿ ಸೀಳುವುದಿದೆ, ಕಸಿ ಇದೆ, ಶ್ವಾಸಕೋಶ ಇದೆ. ಸರ್ಕಾರಿ ಆಸ್ಪತ್ರೆಗೆ ಬಂದರೆ ರುಮ್ಯಾಟಿಕ್ ಕಾಯಿಲೆಯನ್ನು ಕಣ್ಣಾರೆ ನೋಡುತ್ತೀರಿ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಜ್ವರ ಬಂದು, ಕೀಲು ಊದಿ, ಎಲ್ಲ ಮರೆತುಹೋದ ಮೇಲೆ ಇಪ್ಪತ್ತೈದಕ್ಕೆ ಬಸುರಿಯಾದಾಗ ಉಸಿರಾಡಲು ಕಷ್ಟವಾಗುತ್ತದೆ. ಆಗ ಗೊತ್ತಾಗುತ್ತದೆ ಮೈಟ್ರಲ್ ಕವಾಟ ಮೀನಿನ ಬಾಯಿಯಷ್ಟೇ ತೆರೆಯುತ್ತಿದೆ ಅಂತ. ಇಂಥವರಿಗೆ ನಮ್ಮದೇ ದೇಶದ, 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ ಚಿತ್ರಾ ಕೃತಕ ಕವಾಟ ಕಡಿಮೆ ಬೆಲೆಗೆ ಸಿಗುತ್ತಿದೆ. ಅದು ಬರದಿದ್ದರೆ ಎಷ್ಟೋ ಬಡವರಿಗೆ ಆಪರೇಶನ್ನೇ ಆಗುತ್ತಿರಲಿಲ್ಲ.

ಮುಂಬೈಗೆ ಈ ವಿಷಯದಲ್ಲಿ ಹಳೆಯ ನಂಟಿದೆ. ದಕ್ಷಿಣ ಆಫ್ರಿಕಾದಲ್ಲಿ ಬರ್ನಾರ್ಡ್ ಮೊದಲ ಹೃದಯ ಕಸಿ ಮಾಡಿದ ಎರಡೂವರೆ ತಿಂಗಳಿಗೆ, 1968ರ ಫೆಬ್ರವರಿಯಲ್ಲಿ, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅದೇ ಪ್ರಯತ್ನ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದರು. ಆಮೇಲೆ ನಮ್ಮ ದೇಶದಲ್ಲಿ ಯಶಸ್ವಿ ಕಸಿ ಆಗಲು 1994ರ ಆಗಸ್ಟ್ ಬರಬೇಕಾಯಿತು, ಅದು ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಅವರ ಕೈಯಲ್ಲಿ. ಒಂದು ಮುನ್ಸಿಪಲ್ ಆಸ್ಪತ್ರೆಯಲ್ಲಿ ಆ ಕಾಲಕ್ಕೇ ಅಂಥ ಧೈರ್ಯ ಮಾಡಿದ್ದರು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಈಗ ತರಬೇತಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಬರುತ್ತೇನೆ. ಎಂಎಸ್‌ನಲ್ಲಿ ನೀವು ಹರ್ನಿಯಾ, ಅಪೆಂಡಿಕ್ಸ್ ಒಬ್ಬರೇ ಮಾಡುತ್ತಿದ್ದಿರಿ. ಇಲ್ಲಿ ಬಂದ ಮೊದಲ ದಿನ ಮತ್ತೆ ಒಂದನೇ ಕ್ಲಾಸು. ಮೊದಲ ತಿಂಗಳುಗಳೆಲ್ಲ ಕಾಲಿನ ಹತ್ತಿರ ಕೂತು ಬೈಪಾಸ್‌ಗೆ ಬೇಕಾದ ಸಫೀನಸ್ ವೇನ್ ಅನ್ನುವ ಕಾಲಿನ ರಕ್ತನಾಳ ತೆಗೆಯುವುದು. ಸುಲಭ ಅನ್ನಿಸುತ್ತದೆ, ಅಲ್ಲ. ಒಂದೊಂದು ಕವಲನ್ನೂ ಹುಡುಕಿ ಕಟ್ಟಬೇಕು, ಎಳೆಯಬಾರದು, ಹಿಚುಕಬಾರದು. ಒಂದೇ ಒಂದು ಕವಲು ತಪ್ಪಿಹೋದರೂ ಆಮೇಲೆ ಅದರಲ್ಲಿ ರಕ್ತ ಒತ್ತಡದಿಂದ ಹರಿದಾಗ ಅಲ್ಲಿಂದ ಚಿಮ್ಮುತ್ತದೆ, ಆಗ ಇಡೀ ಓಟಿ ನಿಮ್ಮ ಮುಖ ನೋಡುತ್ತದೆ. ಒಳಗೆ ಸಣ್ಣ ಕವಾಟಗಳಿರುವುದರಿಂದ ವೇನ್ ಅನ್ನು ತಿರುಗಿಸಿ ಜೋಡಿಸಬೇಕು, ಯಾವ ತುದಿ ಯಾವುದು ಅಂತ ಗುರುತು ಹಾಕಿ ಕೊಡುವುದೂ ನಿಮ್ಮ ಕೆಲಸವೇ.

ಆಮೇಲೆ ಎದೆ ಮೂಳೆ ತೆರೆಯುವುದು, ಸ್ಟೀಲ್ ತಂತಿ ಹಾಕಿ ಮುಚ್ಚುವುದು. ಆಮೇಲೆ ಕ್ಯಾನ್ಯುಲೇಶನ್, ಅಂದರೆ ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಪಂಪ್‌ನ ಕೊಳವೆ (ಕ್ಯಾನ್ಯುಲಾ) ಹಾಕುವುದು. ಮಹಾಧಮನಿಯ ಮೇಲೆ ಸುತ್ತ ಹೊಲಿಗೆ ಹಾಕಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 480 ಸೆಕೆಂಡ್ ದಾಟಿದೆ ಅಂತ ಪಂಪ್ ನಡೆಸುವ ಪರ್‌ಫ್ಯೂಶನಿಸ್ಟ್ ಕೂಗಿ ಹೇಳಿದ ಮೇಲೆ ಪಂಪ್ ಶುರು. ಪಂಪ್ ಮೇಲೆ ಹೋಗಿ, ಪೊಟ್ಯಾಸಿಯಂ ಇರುವ ದ್ರವ ಬಿಟ್ಟಾಗ ಮಾನಿಟರ್‌ನಲ್ಲಿ ಗೆರೆ ನೇರವಾಗುತ್ತದೆ, ಕಣ್ಣೆದುರಿಗಿನ ಹೃದಯ ನಿಲ್ಲುತ್ತದೆ. ನಾನು ಮೊದಲ ಸಲ ಕ್ಯಾನ್ಯುಲಾ ಹಾಕಿದ ದಿನ ಸರ್ ನನ್ನ ಕೈ ಮೇಲೆ ಕೈ ಇಟ್ಟಿದ್ದರು. ನಾಲ್ಕನೇ ಸಲಕ್ಕೆ ಕೈ ತೆಗೆದರು, ಏನೂ ಹೇಳಲಿಲ್ಲ. ಅವತ್ತು ಊಟ ಸೇರಲಿಲ್ಲ, ಅಷ್ಟು ಖುಷಿ.

ಕೊನೆಗೆ ಹೃದಯದ ಮೇಲಿನ ಜೋಡಣೆ. ಎರಡು ಮಿಲಿಮೀಟರ್ ಆಸುಪಾಸಿನ ರಕ್ತನಾಳಕ್ಕೆ ಕೂದಲಿಗಿಂತ ತೆಳ್ಳಗಿನ ಪ್ರೋಲೀನ್ ದಾರದಲ್ಲಿ ಹೊಲಿಗೆ. ಅದನ್ನು ರೋಗಿಯ ಮೇಲೆ ಕಲಿಯಲು ಹೋಗಬೇಡಿ. ನಾನು ಮಟನ್ ಅಂಗಡಿಯಿಂದ ಮೇಕೆಯ ಹೃದಯ ತಂದು, ಓಟಿಯಲ್ಲಿ ಉಳಿದ ದಾರದ ತುಂಡು ಕೂಡಿಟ್ಟುಕೊಂಡು, ಭಾನುವಾರ ಭಾನುವಾರ ಹಾಸ್ಟೆಲ್ ಟೇಬಲ್ ಮೇಲೆ ಹೊಲಿಯುತ್ತಿದ್ದೆ. ನೀವು ಇವತ್ತೇ ಶುರು ಮಾಡಬಹುದು.

ಆದರೆ ಅರ್ಧ ತರಬೇತಿ ಆಗುವುದು ಐಸಿಯುನಲ್ಲಿ, ರಾತ್ರಿ. ಒಂದು ರಾತ್ರಿಯ ವಿಷಯ ಹೇಳಲೇಬೇಕು. ಮೊದಲ ವರ್ಷ. ಇಂಡಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಕವಾಟ ಬದಲಿಸಿ ತಂದಿದ್ದೆವು. ಸಂಜೆಯಿಂದ ಎದೆಯ ಡ್ರೈನ್‌ನಲ್ಲಿ (ಒಳಗೆ ಸೋರಿದ ರಕ್ತ ಹೊರಗೆ ತರುವ ಟ್ಯೂಬ್) ಗಂಟೆಗೆ ನೂರು ಎಂಎಲ್‌ಗೂ ಮೇಲೆ ರಕ್ತ ಬರುತ್ತಿತ್ತು. ರಾತ್ರಿ ಒಂದೂವರೆ ಗಂಟೆಗೆ ಪೂರಾ ನಿಂತಿತು. ಸದ್ಯ ನಿಂತಿತಲ್ಲ ಅಂತ ಚಾರ್ಟ್‌ನಲ್ಲಿ ಬರೆದು ಚಹಾಕ್ಕೆ ಹೊರಟೆ. ಸಿಸ್ಟರ್ ಮರಾಠಿಯಲ್ಲಿ "ಮ್ಯಾಡಂ, ಡ್ರೈನ್ ಬಂದ್ ಝಾಲಾ, ಸಿವಿಪಿ ಬಘಾ" ಅಂದರು, ಅಂದರೆ ಡ್ರೈನ್ ನಿಂತಿದೆ, ಸಿವಿಪಿ (ಹೃದಯಕ್ಕೆ ಮರಳುವ ರಕ್ತದ ಒತ್ತಡ) ನೋಡಿ ಅಂತ. ನೋಡಿದರೆ ಸಿವಿಪಿ ಒಂಬತ್ತರಿಂದ ಹದಿನೇಳಕ್ಕೆ ಏರಿದೆ, ಬಿಪಿ ಎಂಬತ್ತಕ್ಕೆ ಇಳಿದಿದೆ. ರಕ್ತ ನಿಂತಿರಲಿಲ್ಲ. ಟ್ಯೂಬಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು, ಒಳಗೆ ಹೃದಯದ ಸುತ್ತ ತುಂಬಿ ಅದನ್ನು ಅದುಮುತ್ತಿತ್ತು. ಸೀನಿಯರ್ ಓಡಿ ಬಂದರು. ಅದೇ ಮಂಚದ ಮೇಲೆ ತಂತಿ ಕತ್ತರಿಸಿ ಎದೆ ತೆರೆದೆವು. ಹೆಪ್ಪು ಕೈಯಿಂದ ಎತ್ತಿ ಹಾಕಿದ ಕೂಡಲೇ ಬಿಪಿ ನಮ್ಮ ಕಣ್ಣೆದುರೇ ನೂರು ದಾಟಿತು. ಮೂರು ದಿನದ ಮೇಲೆ ಆಕೆ ನನ್ನ ಕನ್ನಡ ಕೇಳಿ "ಯವ್ವಾ, ನೀ ನಮ್ಮ ಕಡೀಕೇನು?" ಅಂತ ಕೈ ಹಿಡಿದುಕೊಂಡರು. ನನಗೆ ಮಾತೇ ಬರಲಿಲ್ಲ. ಆ ಸಿಸ್ಟರ್ ಇಲ್ಲದಿದ್ದರೆ ನಾನು ಕ್ಯಾಂಟೀನ್‌ನಲ್ಲಿರುತ್ತಿದ್ದೆ. ಎಲ್ಲಿ ಸೇರಿದರೂ ಐಸಿಯು ಸಿಸ್ಟರ್‌ಗಳ ಮಾತಿಗೆ ಕಿವಿ ಕೊಡಿ. ಅಂದಹಾಗೆ ಇಲ್ಲಿ ಕನ್ನಡ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿ, ಸೊಲ್ಲಾಪುರ ಕಡೆಯಿಂದ ಬರುವ ರೋಗಿಗಳು ಬಹಳ.

ಸೀಟು ವಿಷಯಕ್ಕೆ ಬಂದರೆ, ನನ್ನ ಅನುಭವದಲ್ಲಿ ಸರ್ಕಾರಿ ಕಡೆ ಕವಾಟದ ಕೇಸು, ತಡವಾಗಿ ಬಂದ ಕಷ್ಟದ ಕೇಸು ಜಾಸ್ತಿ, ಕೈಗೆ ಕೆಲಸವೂ ಜಾಸ್ತಿ. ಆದರೆ ಸಾಮಾನು ಬರಲಿಲ್ಲ, ಐಸಿಯು ಮಂಚ ಇಲ್ಲ ಅಂತ ಲಿಸ್ಟ್ ರದ್ದಾಗುವ ದಿನಗಳೂ ಇರುತ್ತವೆ. ಪುಣೆ, ಮುಂಬೈಯ ಟ್ರಸ್ಟ್ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಬೈಪಾಸ್ ದಿನವೂ ನೋಡುತ್ತೀರಿ, ಆರೈಕೆ ಅಚ್ಚುಕಟ್ಟು, ಆದರೆ ದುಡ್ಡು ಕೊಟ್ಟು ಬಂದ ರೋಗಿಯ ಮೇಲೆ ಸೂಜಿ ನಿಮ್ಮ ಕೈಗೆ ಬರುವುದು ತಡ. ಎಲ್ಲ ಕಡೆ ಹೀಗೇ ಅಂತಲ್ಲ. ಅದಕ್ಕೇ ಮೂರನೇ ವರ್ಷದ ರೆಸಿಡೆಂಟ್ ಒಬ್ಬರನ್ನು ಪಕ್ಕಕ್ಕೆ ಕರೆದು ಕೇಳಿ: ಕಳೆದ ತಿಂಗಳು ನೀವೇ ಎಷ್ಟು ಲೀಮಾ ತೆಗೆದಿರಿ, ಎಷ್ಟು ಸಲ ಪಂಪ್ ಮೇಲೆ ಹೋದಿರಿ, ಒಂದಾದರೂ ಕವಾಟ ಪೂರ್ತಿ ನೀವೇ ಹಾಕಿದಿರಾ? ಲಾಗ್‌ಬುಕ್ ತೋರಿಸಿ ಅನ್ನಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ನೋಡಿ. ಶ್ವಾಸಕೋಶದ ಕೆಲಸ ಇದೆಯಾ ಅಂತಲೂ ಕೇಳಿ. ಹೃದಯದ ಗುಂಗಿನಲ್ಲಿ ಎಲ್ಲರೂ ಅದನ್ನು ಬಿಡುತ್ತಾರೆ. ಟಿಬಿಯಿಂದ ಕೀವು ತುಂಬಿ ಗಟ್ಟಿಯಾದ ಪೊರೆಯನ್ನು ಶ್ವಾಸಕೋಶದಿಂದ ಸಿಪ್ಪೆಯಂತೆ ಬಿಡಿಸುವ ಡಿಕಾರ್ಟಿಕೇಶನ್ ಈ ಊರಿನಲ್ಲಿ ಕಲಿಯದೆ ಇನ್ನೆಲ್ಲಿ ಕಲಿಯುತ್ತೀರಿ? ನಾಳೆ ಹುಬ್ಬಳ್ಳಿಗೆ ವಾಪಸ್ ಹೋದರೆ ಅಲ್ಲಿ ಅದು ಬೇಕೇ ಬೇಕು.

ಹೆಣ್ಣುಮಕ್ಕಳಿಗೆ ಆಗುತ್ತಾ ಅಂದಿರಿ. ನನಗೆ ಆಗಿದೆ. ಸಂಖ್ಯೆಯಲ್ಲಿ ಕಡಿಮೆ ಇದ್ದೇವೆ, "ಮದುವೆ ಯಾವಾಗ" ಅನ್ನುವ ಪ್ರಶ್ನೆ ಇಂಟರ್‌ವ್ಯೂನಲ್ಲಿ ನನಗೂ ಬಂತು. ಎಂಟು ಗಂಟೆ ನಿಲ್ಲುವುದು ಅಭ್ಯಾಸವಾಗುತ್ತದೆ, ಒಳ್ಳೆ ಚಪ್ಪಲಿ ತಗೊಳ್ಳಿ. ಕಷ್ಟ ಅನ್ನಿಸಿದ್ದು ಮನೆಗೆ ಫೋನ್ ಮಾಡಲೂ ಆಗದ ವಾರಗಳು. ಅದನ್ನು ಮನೆಯವರಿಗೆ ಮೊದಲೇ ಹೇಳಿಡಿ.

ಮುಗಿದ ಮೇಲೂ ತಾಳ್ಮೆ ಬೇಕು. ಯುರಾಲಜಿಯವರ ಹಾಗೆ ನಾಳೆಯೇ ಸ್ವಂತ ಕ್ಲಿನಿಕ್ ಹಾಕುವಂತಿಲ್ಲ. ಪರ್‌ಫ್ಯೂಶನಿಸ್ಟ್, ಹೃದಯದ ಅರಿವಳಿಕೆ ಗೊತ್ತಿರುವವರು, ಐಸಿಯು, ಕೇಸು ಕಳಿಸುವ ಕಾರ್ಡಿಯಾಲಜಿಸ್ಟ್ ಎಲ್ಲ ಬೇಕು, ಹಾಗಾಗಿ ಮೊದಲ ಕೆಲವು ವರ್ಷ ಹಿರಿಯರೊಬ್ಬರ ಜೊತೆ ಜೂನಿಯರ್ ಆಗಿಯೇ ಇರಬೇಕಾಗುತ್ತದೆ, ಸಂಬಳವೂ ನಿಮ್ಮ ಬ್ಯಾಚಿನ ಬೇರೆಯವರಿಗಿಂತ ಕಡಿಮೆ ಇರಬಹುದು. ಇದನ್ನು ಮುಚ್ಚಿಟ್ಟು ಬನ್ನಿ ಅನ್ನಲಾರೆ.

ಎಂಎಸ್ ಪರೀಕ್ಷೆ ಮುಗಿದ ವಾರ ಒಂದು ಸಲ ಬನ್ನಿ. ಯಾವ ವಿಭಾಗ ನೋಡಬೇಕೋ ಅಲ್ಲಿಯ ಮುಖ್ಯಸ್ಥರಿಗೆ ಮೊದಲೇ ಬರೆದು ಅನುಮತಿ ತಗೊಳ್ಳಿ. ಬೆಳಿಗ್ಗೆ ಎಂಟಕ್ಕೆ ಮೊದಲೇ ಓಟಿಯಲ್ಲಿರಿ, ಅರಿವಳಿಕೆಯವರ ಪಕ್ಕ ತಲೆಯ ಕಡೆ ನಿಂತರೆ ಎಲ್ಲ ಕಾಣುತ್ತದೆ. ಹೃದಯ ನಿಲ್ಲುವುದನ್ನು ನೋಡಿ ಹೊರಗೆ ಬರಬೇಡಿ. ಮಹಾಧಮನಿಗೆ ಹಾಕಿದ ಕ್ಲಾಂಪ್ (ಚಿಮಟ) ತೆಗೆದ ಮೇಲೆ ಅದು ತಾನೇ ಮತ್ತೆ ಬಡಿಯಲು ಶುರು ಮಾಡುವವರೆಗೂ ನಿಲ್ಲಿ.