ಆತುರ ಯಾರದ್ದು? (ಸಂಪಾದಕರ ಉತ್ತರ)

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಊರಿನ ಹುಡುಗರಿಂದ ಷೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ಆಡಿಸುತ್ತಿದ್ದಾರಂತೆ. ‘ದೊಡ್ಡವರ ಮಾತು ಕೇಳದೆ ದುಡುಕಿ ಸತ್ತ ಮಕ್ಕಳ ಕಥೆ ಇದು. ಹಾಗಾಗಿ ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್ ಮದುವೆ ಮಾತಾಡುವ ದೃಶ್ಯಗಳನ್ನು ತೆಗೆದಿದ್ದೇನೆ. ಸರಿ ಅಲ್ವಾ?’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ಮಕ್ಕಳು ದುಡುಕಿದರು ಅನ್ನುವುದರಲ್ಲಿ ಎರಡು ಮಾತಿಲ್ಲ. ಭಾನುವಾರ ರಾತ್ರಿ ಔತಣದಲ್ಲಿ ನೋಡಿದ್ದು, ಸೋಮವಾರ ಮಧ್ಯಾಹ್ನ ಗುಟ್ಟಾಗಿ ಮದುವೆ. ಅದೇ ದಿನ, ಗೆಳೆಯ ಸತ್ತ ಸಿಟ್ಟಿನಲ್ಲಿ ರೋಮಿಯೋ ಹೆಂಡತಿಯ ಸೋದರಮಾವನ ಮಗ ಟಿಬಾಲ್ಟ್‌ನನ್ನು ಕೊಂದು ಗಡಿಪಾರಾಗುತ್ತಾನೆ. ಆದರೆ ‘ಇದು ತೀರಾ ದುಡುಕಾಯಿತು, ಮಿಂಚಿನ ಹಾಗೆ’ ಎಂದು ಮೊದಲು ಅಂದವಳು ಇನ್ನೂ 14 ತುಂಬದ ಜೂಲಿಯೆಟ್. ಬುದ್ಧಿ ಹೇಳಬೇಕಾದ ಪಾದ್ರಿ ಲಾರೆನ್ಸ್ ‘ಓಡುವವರು ಎಡವುತ್ತಾರೆ’ ಎಂದು ಉಪದೇಶ ಮಾಡಿ, ಆ ಮಧ್ಯಾಹ್ನವೇ ಮದುವೆ ಮಾಡಿಸುತ್ತಾನೆ!

ಈಗ ಅಪ್ಪನ ಕಡೆ ಬನ್ನಿ. ಪ್ಯಾರಿಸ್ ಎಂಬ ದೊಡ್ಡ ಮನೆತನದ ವರ ಹೆಣ್ಣು ಕೇಳಿದಾಗ ‘ಇನ್ನೆರಡು ಬೇಸಿಗೆ ಕಳೆಯಲಿ’ ಎಂದಿದ್ದ ಮನುಷ್ಯ ಇವನು. ಟಿಬಾಲ್ಟ್ ಸತ್ತ ರಾತ್ರಿ, ಮಗಳನ್ನು ಒಂದು ಮಾತೂ ಕೇಳದೆ, ಅದೇ ಪ್ಯಾರಿಸ್ ಜೊತೆ ಮದುವೆ ನಿಶ್ಚಯಿಸುತ್ತಾನೆ. ಇವತ್ತು ಯಾವ ವಾರ ಎಂದು ವಿಚಾರಿಸಿ, ‘ಬುಧವಾರ ತೀರಾ ಬೇಗ, ಗುರುವಾರ ಇರಲಿ’ ಅನ್ನುತ್ತಾನೆ. ಮರುದಿನ ಮಗಳು ಒಪ್ಪಿದ ಹಾಗೆ ನಟಿಸಿದ್ದೇ ತಡ, ಖುಷಿಯಲ್ಲಿ ‘ನಾಳೆ ಬೆಳಿಗ್ಗೆಯೇ ಆಗಲಿ’ ಎಂದುಬಿಡುತ್ತಾನೆ. ನಾಳೆ ಅಂದರೆ ಅದೇ ಬುಧವಾರ.

ನನ್ನ ಪ್ರಕಾರ ಮಕ್ಕಳ ಪ್ರಾಣ ಹೋಗಿದ್ದು ಹೀಗೆ ಒಂದು ದಿನ ಮುಂಚೆ ಮಾಡಿದ್ದರಿಂದ. ಈ ಮದುವೆ ತಪ್ಪಿಸಲು ಲಾರೆನ್ಸ್ ಜೂಲಿಯೆಟ್‌ಗೆ ಕೊಟ್ಟ ಔಷಧ 42 ಗಂಟೆ ಹೆಣದ ಹಾಗೆ ಮಲಗಿಸುತ್ತದೆ. ಅದನ್ನು ಬುಧವಾರ ರಾತ್ರಿ ಕುಡಿಯಬೇಕು ಎಂದು ಲೆಕ್ಕವಾಗಿತ್ತು. ಮಂಗಳವಾರವೇ ಕುಡಿಯಬೇಕಾಯಿತು. ಗಡಿಪಾರಾಗಿ ಮಾಂಟುವಾದಲ್ಲಿದ್ದ ರೋಮಿಯೋಗೆ ಈ ಗುಟ್ಟು ತಿಳಿಸುವ ಕಾಗದ ಒಯ್ಯಬೇಕಿದ್ದ ಪಾದ್ರಿ ಜಾನ್, ಸಾಂಕ್ರಾಮಿಕದ ಭಯಕ್ಕೆ ಬಾಗಿಲು ಹಾಕಿದ ಮನೆಯೊಂದರಲ್ಲಿ ಸಿಕ್ಕಿಬಿದ್ದ. ಕಾಗದ ವಾಪಸ್ ಬಂತು. ಲಾರೆನ್ಸ್ ‘ಮತ್ತೆ ಬರೆಯುತ್ತೇನೆ’ ಅನ್ನುತ್ತಾನೆ, ಆದರೆ ಹೊತ್ತೆಲ್ಲಿದೆ? ಇನ್ನೊಂದು ದಿನ ಸಿಕ್ಕಿದ್ದರೆ ಎರಡನೇ ಕಾಗದ ಮುಟ್ಟಬಹುದಿತ್ತು. ಆದರೆ ಅಷ್ಟರಲ್ಲಿ ರೋಮಿಯೋಗೆ ಜೂಲಿಯೆಟ್ ಸತ್ತಳೆಂಬ ಸುದ್ದಿ ಮುಟ್ಟಿಯಾಗಿತ್ತು.

ಅಂದ ಮಾತ್ರಕ್ಕೆ ರೋಮಿಯೋ ತಪ್ಪಿಲ್ಲ ಅಂತಲ್ಲ. ಸಮಾಧಿಯೊಳಗೆ ಹೆಂಡತಿಯ ತುಟಿ, ಕೆನ್ನೆ ಇನ್ನೂ ಕೆಂಪಾಗಿರುವುದನ್ನು ಕಣ್ಣಾರೆ ನೋಡುತ್ತಾನೆ, ಅದನ್ನು ಬಾಯಿಬಿಟ್ಟು ಹೇಳುತ್ತಾನೆ ಕೂಡ. ಆಮೇಲೂ ವಿಷ ಕುಡಿಯುತ್ತಾನೆ. ಆ ಜಾಗಕ್ಕೆ ಬಂದಾಗಲೆಲ್ಲ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ನಿಮ್ಮ ವಾದ ಹೊಸದೇನಲ್ಲ. ಷೇಕ್ಸ್‌ಪಿಯರ್‌ಗೆ ಈ ಕಥೆ ಸಿಕ್ಕಿದ್ದು ಆರ್ಥರ್ ಬ್ರೂಕ್ 1562ರಲ್ಲಿ ಪ್ರಕಟಿಸಿದ ಉದ್ದನೆಯ ಕವಿತೆಯಲ್ಲಿ. ಅದರ ಮುನ್ನುಡಿಯಲ್ಲಿ ಬ್ರೂಕ್ ಹೇಳಿದ್ದೂ ಇದನ್ನೇ: ಹೆತ್ತವರ ಮಾತು ಮೀರಿದ್ದಕ್ಕೆ ಹೀಗಾಯಿತು. ಆ ಕವಿತೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಷೇಕ್ಸ್‌ಪಿಯರ್ ನಾಲ್ಕೈದು ದಿನಕ್ಕೆ ಇಳಿಸಿದ. ಹುಡುಗಿಯ ವಯಸ್ಸನ್ನೂ ಇಳಿಸಿದ. ಬ್ರೂಕ್‌ನ ಉಪದೇಶವನ್ನು ಮಾತ್ರ ಕೈಬಿಟ್ಟ. ಸುಮ್ನೆ ಬಿಟ್ಟಿರಲಿಕ್ಕಿಲ್ಲ.

ಅಪ್ಪ ಮದುವೆ ನಿಶ್ಚಯಿಸುವ ಸೋಮವಾರ ರಾತ್ರಿಯ ಆ ದೃಶ್ಯ ಮೂವತ್ತು ಚಿಲ್ಲರೆ ಸಾಲು, ಅಷ್ಟೇ. ವಾಪಸ್ ಸೇರಿಸಿಬಿಡಿ. ಸಮಯ ಜಾಸ್ತಿಯಾಗುತ್ತೆ ಅನ್ನುವುದಾದರೆ ಕೊನೆಯಲ್ಲಿ ಲಾರೆನ್ಸ್ ಇಡೀ ಕಥೆ ಮತ್ತೊಮ್ಮೆ ಒಪ್ಪಿಸುತ್ತಾನಲ್ಲ, ಅದನ್ನು ಮೊಟಕು ಮಾಡಿ. ಅದೆಲ್ಲ ಪ್ರೇಕ್ಷಕರಿಗೆ ಗೊತ್ತಿರುವುದೇ.