ಗೇಮಿಂಗ್ ಹೆಡ್‌ಸೆಟ್‌ನ ಎಡಗಡೆ ಶಬ್ದ ನಿಂತಿದೆ, ಯಾವ ಸ್ಪೀಕರ್ ತಂದು ಹಾಕಲಿ?

ಪಿನ್ ಹತ್ತಿರ ವೈರ್ ಅಲುಗಾಡಿಸಿದರೆ ಕರಕರ ಅಂತ ಶಬ್ದ ಬಂದು ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಸ್ಪೀಕರ್ ಯಾಕೆ ಹುಡುಕುತ್ತೀರಿ? ಸ್ಪೀಕರ್ ಚೆನ್ನಾಗೇ ಇದೆ, ತುಂಡಾಗಿರುವುದು ವೈರು.

ನನ್ನದೂ ಹೀಗೇ ಆಗಿತ್ತು. ಎಡಗಡೆಯಿಂದ ಬರುವವನ ಹೆಜ್ಜೆ ಸಪ್ಪಳ ಕೇಳಿಸದೆ ಆಟದಲ್ಲಿ ಸತ್ತೂ ಸತ್ತೂ ಸಾಕಾಗಿ, ಕೊನೆಗೆ ಪಿನ್ ಕತ್ತರಿಸಿ ಹೊಸ 3.5 ಮಿ.ಮೀ. ಪಿನ್ ಸೋಲ್ಡರ್ ಮಾಡಿದೆ, ಅಂದರೆ ಕರಗಿಸಿದ ಲೋಹದಿಂದ ಬೆಸೆದೆ. ಮೊದಲು ಒಂದು ಕಿವಿ ಹೋಗಿತ್ತು, ಈಗ ಎರಡೂ ಹೋದವು!

ತಪ್ಪು ಎಲ್ಲಿ ಅಂದರೆ, ಒಳಗಿನ ಎಳೆಗಳಿಗೆ ಕೆಂಪು, ಹಸಿರು ಬಣ್ಣ ಇರುತ್ತಲ್ಲ, ಅದು ಸುಮ್ನೆ ಗುರುತಿಗೆ ಅಂದುಕೊಂಡಿದ್ದೆ. ಅದು ವಾರ್ನಿಷ್ ಥರದ ಲೇಪ, ಕರೆಂಟ್ ದಾಟಲು ಬಿಡುವುದಿಲ್ಲ. ತಾಮ್ರದ ಬಣ್ಣದ ಎಳೆಗೂ ಎಷ್ಟೋ ಸಲ ಬಣ್ಣವಿಲ್ಲದ ಲೇಪ ಇರುತ್ತದೆ. ನಾನು ಹೊರಗಿನ ರಬ್ಬರ್ ಸುಲಿದು ನೇರ ಅದರ ಮೇಲೇ ಸೋಲ್ಡರ್ ಹಚ್ಚಿದ್ದೆ. ನೋಡಲು ಮಣಿಯ ಹಾಗೆ ಹೊಳೆಯುತ್ತಾ ಗಟ್ಟಿಯಾಗಿ ಕೂತಿತ್ತು, ಎಳೆದರೂ ಬರುತ್ತಿರಲಿಲ್ಲ. ಒಳಗೆ ಮಾತ್ರ ತಾಮ್ರಕ್ಕೆ ತಾಗಿರಲೇ ಇಲ್ಲ. ಕರೆಂಟ್ ದಾಟುತ್ತದೋ ಇಲ್ಲವೋ ಅಂತ ಅಳೆಯುವ ಮಲ್ಟಿಮೀಟರ್ ಹಿಡಿದೆ, ಏನೂ ತೋರಿಸಲಿಲ್ಲ. ಸರಿ, ಸ್ಪೀಕರೇ ಸುಟ್ಟಿದೆ ಅಂತ ತೀರ್ಮಾನ ಮಾಡಿ ಕಿವಿಯ ಕಪ್ ಬಿಚ್ಚಿ ಕೆದಕಿದೆ, ಕೂದಲಿಗಿಂತ ಸಣ್ಣ ತಂತಿ ಪಟ್ ಅಂತ ಕಿತ್ತುಬಂತು. ಎರಡು ಸ್ಪೀಕರ್ ಒಂದೇ ದಿನ ಸುಡುತ್ತವಾ ಅಂತ ಒಮ್ಮೆಯಾದರೂ ಯೋಚಿಸಬೇಕಿತ್ತು ಅಲ್ವಾ?

ನೀವು ಕಪ್ ಮುಟ್ಟಲೇಬೇಡಿ. ಕತ್ತರಿಸುವ ಮುಂಚೆ ಪಿನ್ನಿನ ತುದಿಗೂ ಗ್ರೌಂಡ್ ಬಳೆಗೂ (ಎರಡೂ ಕಿವಿಯ ಕರೆಂಟ್ ವಾಪಸ್ ಹೋಗುವ ಭಾಗ) ಮೀಟರ್ ಹಿಡಿದು ವೈರ್ ಬಗ್ಗಿಸಿ ನೋಡಿ. ತುದಿ ಎಡಗಿವಿಯದ್ದು, ಅದರ ಪಕ್ಕದ್ದು ಬಲಗಿವಿಯದ್ದು. ನಾಲ್ಕು ಭಾಗದ ಪಿನ್ ಆದರೆ ಈಗಿನವುಗಳಲ್ಲಿ ಸಾಮಾನ್ಯವಾಗಿ ಮೂರನೆಯದು ಗ್ರೌಂಡ್, ಕೊನೆಯದು ಮೈಕ್. ನನ್ನದರಲ್ಲಿ ಬಲಗಡೆ ಅಲುಗದೆ 32 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಆಸುಪಾಸು ತೋರಿಸುತ್ತಿತ್ತು. ಎಡಗಡೆ ಅಂಕಿ ಬಂದು ಬಂದು ಹೋಗುತ್ತಿದ್ದರೆ ವೈರೇ ತುಂಡು, ಅನುಮಾನ ಬೇಡ. (ಯುಎಸ್‌ಬಿ ಹೆಡ್‌ಸೆಟ್ ಆದರೆ ಈ ಲೆಕ್ಕ ನಡೆಯುವುದಿಲ್ಲ.)

ಎಳೆಯ ತುದಿಯನ್ನು ಲೈಟರ್ ಉರಿಗೆ ಒಂದೇ ಕ್ಷಣ ಹಿಡಿದು, ಕಪ್ಪು ಮಸಿಯನ್ನು ನಯವಾದ ಉಪ್ಪುಕಾಗದದಲ್ಲಿ ಒರೆಸಿ. ಆಮೇಲೆ ಸೋಲ್ಡರ್ ಹಚ್ಚಿದಾಗ ಅದು ಎಳೆಯ ಸುತ್ತ ಹರಡಿ ಬೆಳ್ಳಗಾಗಬೇಕು. ಮಣಿ ಕಟ್ಟಿತೋ, ಲೇಪ ಇನ್ನೂ ಹೋಗಿಲ್ಲ.

ಮತ್ತೆ, ಪಿನ್ನಿನ ಮುಚ್ಚಳವನ್ನು ಮೊದಲೇ ವೈರಿಗೆ ಪೋಣಿಸಿಕೊಳ್ಳಿ. ಎರಡನೇ ಹೆಡ್‌ಸೆಟ್‌ಗೆ ಎಲ್ಲ ಸರಿಯಾಗಿ ಮಾಡಿ ಹಾಡು ಹಾಕಿಕೊಂಡು ಖುಷಿಯಲ್ಲಿ ತಲೆ ಆಡಿಸುತ್ತಿದ್ದೆ, ಮುಚ್ಚಳ ಮೇಜಿನ ಮೇಲೇ ಕೂತಿತ್ತು.