ಪಂಚರ ಮುಂದೆ ಬರೆದ ಸೋಡಚೀಟಿ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಮೂರು ವರ್ಷದ ಹಿಂದೆ ಹಿರಿಯರ ಮುಂದೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ಸೋಡಚೀಟಿ, ಅಂದರೆ ಮದುವೆ ಬಿಟ್ಟ ಕಾಗದ, ಬರೆದುಕೊಂಡಿದ್ದೀರಿ. ಕೋರ್ಟಿಗೆ ಹೋಗಿಲ್ಲ. ಈಗ ಎರಡನೇ ಮದುವೆ ಮಾಡಿಕೊಳ್ಳಬಹುದಾ? ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ಧಾರವಾಡದ ಕಡೆ ಕೌಟುಂಬಿಕ ಪ್ರಕರಣ ನಡೆಸುವ ವಕೀಲ. ಇಂಥ ಕಾಗದ ಹಿಡಿದು ಬರುವವರನ್ನು ಆಗಾಗ ನೋಡುತ್ತೇನೆ.

ಹಿರಿಯರು ಕೊಡಿಸಿದ ಬಿಡುಗಡೆಗೆ ಬೆಲೆಯೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯ ವಿಚ್ಛೇದನವನ್ನು ಹಾಗೇ ಉಳಿಸಿದೆ. ಉಡಿಕೆ, ಸೀರುಡಿಕೆ (ಹೆಣ್ಣಿನ ಮರುಮದುವೆ) ಇರುವ ಸಮುದಾಯಗಳಲ್ಲಿ ಬಿಟ್ಟವರು ಮತ್ತೆ ಮದುವೆಯಾಗುವುದು ಕಾಯ್ದೆ ಬರುವ ಎಷ್ಟೋ ಮೊದಲಿನಿಂದ ನಡೆದು ಬಂದದ್ದು. ಸೋದರಮಾವನನ್ನು ಮದುವೆಯಾಗುವುದೂ ಹೀಗೇ. ಅಷ್ಟು ಹತ್ತಿರದ ಸಂಬಂಧ ಕಾಯ್ದೆಗೆ ಬೇಡ, ಆದರೆ ರೂಢಿ ಇದ್ದವರಿಗೆ ಅದೇ ಕಾಯ್ದೆ ಬಿಟ್ಟುಕೊಟ್ಟಿದೆ.

ಆದರೆ ಮದುವೆ ಬಿಡಿಸುವುದು ರೂಢಿ, ಛಾಪಾ ಕಾಗದ ಅಲ್ಲ. ನಿಮ್ಮ ಸಮುದಾಯದಲ್ಲಿ ಅಂಥ ರೂಢಿ ಬಹುಕಾಲದಿಂದ ಒಂದೇ ರೀತಿ ನಡೆದು ಬಂದಿದೆ ಅಂತ ಸಾಕ್ಷಿ ಹಾಕಿ ತೋರಿಸಬೇಕು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಹಿರಿಯರು ಕಟಕಟೆಗೆ ಬಂದು "ನಮ್ಮಲ್ಲಿ ಹಿಂಗೇ ಮಾಡ್ತೀವ್ರಿ" ಅನ್ನುತ್ತಾರೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳುತ್ತಾರೆ: ಬೇರೆ ಯಾರಿಗೆ ಹೀಗೆ ಬಿಡುಗಡೆ ಆಗಿದೆ? ಯಾವ ಊರು, ಯಾವ ವರ್ಷ? ಕೂತ ಪಂಚರು ಯಾರು? ಆಮೇಲೆ ಆಕೆಗೆ ಉಡಿಕೆ ಆಯಿತಾ? ಅಲ್ಲಿಗೆ ಎಷ್ಟೋ ಸಾಕ್ಷಿಗಳ ಬಾಯಿ ಕಟ್ಟುತ್ತದೆ. ಇಬ್ಬರ ಸಹಿ, ನೋಟರಿ ಮೊಹರು ಎಲ್ಲಾ ಇದ್ದರೂ ಆ ಕೊರತೆ ತುಂಬುವುದಿಲ್ಲ.

ರೂಢಿ ಸಾಬೀತಾಗದಿದ್ದರೆ ಮೊದಲ ಮದುವೆ ಹಾಗೇ ಉಳಿಯುತ್ತದೆ, ಎರಡನೆಯದು ಅನೂರ್ಜಿತ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ 7 ವರ್ಷದವರೆಗೆ ಸಜೆ ಆಗಬಹುದು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನೀವು ಮದುವೆಯಾಗುವ ಹೆಣ್ಣುಮಗಳದ್ದು. ನಾಳೆ ಪಿಂಚಣಿ, ಆಸ್ತಿ ಅಂತ ಬಂದಾಗ ಹೆಂಡತಿ ಅನ್ನುವ ಹಕ್ಕೇ ಆಕೆಗೆ ಇರುವುದಿಲ್ಲ. ವಿವಾಹ ಕಾಯ್ದೆಯ 16ನೇ ಕಲಂ ಮಕ್ಕಳ ಕೈಹಿಡಿಯುತ್ತದೆ, ತಾಯಿಯ ಕೈ ಬಿಡುತ್ತದೆ. ಆಕೆ ಏನು ತಪ್ಪು ಮಾಡಿದ್ದಾಳೆ ಹೇಳಿ?

ರೂಢಿ ಗಟ್ಟಿಯಾಗಿದ್ದರೆ, ಅದನ್ನು ಬಲ್ಲ ಹಿರಿಯರು ಇರುವಾಗಲೇ ಮದುವೆ ರೂಢಿಯ ಪ್ರಕಾರ ಬಿಟ್ಟಿದೆ ಎಂಬ ಘೋಷಣೆಗೆ ಕೌಟುಂಬಿಕ ನ್ಯಾಯಾಲಯದಲ್ಲಿ ದಾವೆ ಹಾಕಬಹುದು. ಆದರೆ ನಿಮ್ಮ ಮೊದಲ ಹೆಂಡತಿಯೂ ಒಪ್ಪಿದ್ದಾರೆ ಅಂದಿರಿ ಅಲ್ವಾ? ಹಾಗಿದ್ದರೆ ವಿವಾಹ ಕಾಯ್ದೆಯ 13ಬಿ ಕಲಂ ಕೆಳಗೆ ಇಬ್ಬರೂ ಸೇರಿ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವುದೇ ಸುಲಭ. ಒಂದು ವರ್ಷ ಬೇರೆ ಇರಬೇಕೆಂಬ ಷರತ್ತು ನಿಮಗೆ ಯಾವಾಗಲೋ ಮುಗಿದಿದೆ. ಅರ್ಜಿ ಹಾಕಿದ ಮೇಲೆ ಕಾಯುವ 6 ತಿಂಗಳನ್ನೂ ನ್ಯಾಯಾಧೀಶರು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವನಾಂಶ, ಮಕ್ಕಳ ವಿಷಯ ಮೊದಲೇ ಬಗೆಹರಿದಿರಬೇಕು ಅಷ್ಟೇ. ಸೋಡಚೀಟಿಯ ಮೂಲ ಪ್ರತಿ ಜೋಪಾನ ಮಾಡಿ. ಯಾವಾಗಿನಿಂದ ಬೇರೆ ಇದ್ದೀರಿ ಅಂತ ತೋರಿಸಲು ಅದು ಕೆಲಸಕ್ಕೆ ಬರುತ್ತದೆ. ಮದುವೆ ತಾರೀಕು ಮಾತ್ರ ಕೋರ್ಟಿನ ಡಿಕ್ರಿ (ಆದೇಶ) ಕೈಗೆ ಬಂದ ಮೇಲೆ ಇಟ್ಟುಕೊಳ್ಳಿ.